ಅಜ್ಜಿಯ ಹಲ್ಲಿನ ಸೆಟ್ಟು ಮತ್ತು ಎರಡು ಲ: ನನ್ನ ಅನುಭವ

ಕೊನೆಗೂ ಆಯಿತು. ಚಿಲಿಯ ಮೂಲನಿವಾಸಿ ಮಪುಚೆ ಜನ ಆಡೋ ಮಾಪುದುಂಗುನ್ ಭಾಷೆಯ ಎರಡು ಲ ಬೇರೆ ಬೇರೆ ಅಂತ ಈಗ ಫೋಟೊ ಹಿಡಿದು ತೋರಿಸಬಲ್ಲೆ. ಇದಕ್ಕೆ ಮೂರು ಸಲ ಚಿಲಿಗೆ ಹೋಗಿ ಬಂದೆ. ವಿಮಾನದ ಟಿಕೆಟ್ ಬಿಟ್ಟು ಅಲ್ಲಿ ಖರ್ಚಾಗಿದ್ದು ಸುಮಾರು ಹದಿನೆಂಟು ಲಕ್ಷ ಪೆಸೊ. ಹೆದರಬೇಡಿ, ಆಗ ಸಾವಿರ ಪೆಸೊ ಅಂದರೆ ನಮ್ಮ ಎಂಬತ್ತು-ತೊಂಬತ್ತು ರೂಪಾಯಿ, ಒಟ್ಟು ಒಂದೂವರೆ ಲಕ್ಷದ ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ದಂಡ. ಕೆಲಸ ಮುಗಿಸಿಕೊಟ್ಟಿದ್ದು ಔಷಧಿ ಅಂಗಡಿಯ ಇದ್ದಿಲು ಮಾತ್ರೆ, ಆಲಿವ್ ಎಣ್ಣೆ ಮತ್ತು ಒಬ್ಬ ಅಜ್ಜಿಯ ಹಲ್ಲಿನ ಸೆಟ್ಟು.

ಧ್ವನಿ ವಿಜ್ಞಾನದಲ್ಲಿ ಕೆಲಸ ಮಾಡೋರಿಗೆ ಪ್ಯಾಲಟೋಗ್ರಫಿ ಏನು ಅಂತ ವಿವರಿಸಬೇಕಿಲ್ಲ. ನಾಲಿಗೆಗೆ ಮಸಿ ಬಳಿ, ಒಂದು ಪದ ಹೇಳಿಸು, ಬಾಯಿಯ ಅಂಗಳದಲ್ಲಿ, ಅಂದರೆ ಬಾಯೊಳಗಿನ ಮೇಲ್ಛಾವಣಿಯಲ್ಲಿ, ಮಸಿ ಎಲ್ಲಿ ಅಂಟಿತು ನೋಡು. ಅಷ್ಟೇ. ನಾನು ಹೀಗೆ ಮಾಡ್ತೀನಿ ಅಂದಾಗ ಎಲ್ಲರೂ ನಕ್ಕಿದ್ದರು. ಒಬ್ಬ ಹಿರಿಯರು ‘ಈ ಕಾಲದಲ್ಲಿ ಯಾರಪ್ಪ ಬಾಯಿಗೆ ಮಸಿ ಬಳಿತಾರೆ’ ಅಂದರು. ಇನ್ನೊಬ್ಬರು ‘ಎಪ್ಪತ್ತೈದು ದಾಟಿದ ಮುದುಕಿಯರು, ಬಾಯಲ್ಲಿ ಸ್ವಂತ ಹಲ್ಲೇ ಇರಲ್ಲ, ಕಟ್ಟಿಸಿದ ಹಲ್ಲಿನ ಮೇಲೆ ಏನು ಅಳತೀಯ’ ಅಂದರು. ಆ ಎರಡನೇ ಮಾತು ನನ್ನನ್ನು ಒಂದು ವರ್ಷ ತಡೆಯಿತು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನೋ ಗಾದೆ ನನ್ನ ಯೋಜನೆಗೇ ಹೇಳಿ ಮಾಡಿಸಿದ ಹಾಗಿತ್ತು. ಯಾಕೆ ಅಂದರೆ ಎರಡು ಲ ಉಳಿದಿರೋದು ಹೆಚ್ಚಾಗಿ ವಯಸ್ಸಾದವರ ಬಾಯಲ್ಲಿ. ಕಿರಿಯರು ಸ್ಪ್ಯಾನಿಶ್ ಜೊತೆಗೇ ಬೆಳೆದವರು, ಬಹಳಷ್ಟು ಜನಕ್ಕೆ ಎರಡೂ ಒಂದೇ ಆಗಿಬಿಟ್ಟಿದೆ.

ವಿಷಯ ಇಷ್ಟು. ಮಾಪುದುಂಗುನ್ನಲ್ಲಿ ತ, ನ, ಲ ಮೂರಕ್ಕೂ ಎರಡೆರಡು ರೂಪ. ಒಂದು ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ತಂದು ಹೇಳೋದು, ಇನ್ನೊಂದು ಹಲ್ಲಿನ ಹಿಂದಿನ ವಸಡಿಗೆ ತಾಗಿಸಿ ಹೇಳೋದು. ನಾನು ಇವನ್ನು ಹಲ್ಲಿನ ಲ, ವಸಡಿನ ಲ ಅಂತಲೇ ಕರೀತೀನಿ. ದಂತ್ಯ, ವರ್ತ್ಸ್ಯ ಅಂದರೆ ನನಗೇ ನಿದ್ದೆ ಬರುತ್ತೆ. ಇದು ಹೊಸ ಸುದ್ದಿಯೇನಲ್ಲ. ಬವೇರಿಯಾದಿಂದ ಬಂದ ಕಾಪುಚಿನ್ ಪಾದ್ರಿ ಫೆಲಿಕ್ಸ್ ಹೋಸೆ ದೆ ಆಗುಸ್ತಾ 1903ರ ವ್ಯಾಕರಣದಲ್ಲೂ 1916ರ ನಿಘಂಟಿನಲ್ಲೂ ಇವನ್ನು ಬೇರೆ ಮಾಡಿಯೇ ಬರೆದಿದ್ದಾರೆ. ಈಗ ಬಳಕೆಯಲ್ಲಿರೋ ಏಕೀಕೃತ ಲಿಪಿಯಲ್ಲಿ ಹಲ್ಲಿನ ಅಕ್ಷರಗಳಿಗೆ ಕೆಳಗೊಂದು ಗೆರೆ. ಮಪುಚೆ ಭಾಷಾ ವಿಜ್ಞಾನಿ ಆನ್ಸೆಲ್ಮೊ ರಾಗಿಲೆಒ ಮಾಡಿದ ಲಿಪಿ ಇನ್ನೂ ಮಜಾ. ಅದರಲ್ಲಿ ಹಲ್ಲಿನ ಲ ಬರೆಯೋಕೆ ರೋಮನ್‌ನ ಬಿ, ಹಲ್ಲಿನ ನ ಬರೆಯೋಕೆ ಎಚ್. ಮೊದಲ ವಾರ ನಾನು ಒಂದು ಫಲಕ ನೋಡಿ ‘ಬಾಫ್ಕೆಹ್’ ಅಂತ ಗಟ್ಟಿಯಾಗಿ ಓದಿದೆ. ಪಕ್ಕದಲ್ಲಿದ್ದವರು ಸುಮ್ನೆ ನನ್ನ ಮುಖ ನೋಡಿದರು. ಅದು ಲಾಫ್ಕೆನ್, ಸಮುದ್ರ.

ಭಾರತದವನು ಅಂದ ತಕ್ಷಣ ಅಲ್ಲಿನ ಭಾಷಾ ವಿಜ್ಞಾನಿಗಳಿಗೆ ದೊಡ್ಡ ನಿರೀಕ್ಷೆ. ನಿಮ್ಮಲ್ಲಿ ತ-ಟ, ನ-ಣ, ಲ-ಳ ಎಲ್ಲಾ ಇದೆಯಲ್ಲ, ನಿಮ್ಮ ಕಿವಿಗೆ ಇದು ಸಲೀಸು ಅಂದರು. ನಾನೂ ಜಂಬದಿಂದ ತಲೆ ಆಡಿಸಿದೆ. ಆಗಿದ್ದೇ ಬೇರೆ. ತ ವಿಷಯದಲ್ಲಿ ಏನೂ ತೊಂದರೆ ಆಗಲಿಲ್ಲ: ಹಲ್ಲಿನದು ನನಗೆ ತ, ವಸಡಿನದು ಟ. ಆದರೆ ಲ ಎಲ್ಲಿ ತಾಗಿದರೂ ಕನ್ನಡದ ಕಿವಿಗೆ ಲ ಅಷ್ಟೇ. ನಾಲಿಗೆ ಹಿಂದಕ್ಕೆ ಮಡಚಿದರೆ ಮಾತ್ರ ಳ. ನ ಕಥೆಯೂ ಅದೇ. ಎರಡು ತಿಂಗಳು ಕೇಳಿದ ಮೇಲೂ ಕಣ್ಣು ಮುಚ್ಚಿ ಹೇಳಿದರೆ ನನ್ನ ಉತ್ತರ ನಾಣ್ಯ ಚಿಮ್ಮಿದಷ್ಟೇ ನಂಬಿಕೆಗೆ ಅರ್ಹ. ರೇಗಿ, ಹಳೆಯ ಹಾಸ್ಟೆಲ್ ಗೆಳೆಯನೊಬ್ಬನಿಗೆ ಇಪ್ಪತ್ತು ತುಣುಕು ಕಳಿಸಿದೆ, ಎಲ್ಲ ನ ಇರೋ ಪದಗಳು. ಅವನು ಕೋಟಯಂ ಕಡೆಯವನು, ಭಾಷಾ ವಿಜ್ಞಾನದ ಗಂಧ ಗಾಳಿ ಇಲ್ಲ, ಬ್ಯಾಂಕಿನಲ್ಲಿದ್ದಾನೆ. ಹದಿನಾರೋ ಹದಿನೇಳೋ ಸರಿ ಹೇಳಿದ. ಮಲಯಾಳಂನಲ್ಲಿ ಈ ಎರಡು ನ ಇವತ್ತಿಗೂ ಜೀವಂತ ಇವೆ, ಅಲ್ವಾ. ‘ಇದಕ್ಕೆ ನಿನಗೆ ಪಿಎಚ್‌ಡಿ ಬೇಕಾಯ್ತಾ’ ಅಂತ ಕೇಳಿ ಫೋನ್ ಇಟ್ಟ.

ಕನ್ನಡ ಪೂರ್ತಿ ಕೈ ಕೊಟ್ಟಿತು ಅಂತಲ್ಲ. ಬೇಸರ ಆದಾಗ ಒಂದು ಆಟ ಶುರು ಮಾಡಿದ್ದೆ, ಟಿಪ್ಪಣಿಯನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆಯೋದು. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಆಮೇಲೆ ಯಾವತ್ತೂ ಬಳಸದ ಙ, ಞ ಇವೆಯಲ್ಲ, ಅವು ಇಲ್ಲಿ ಪದದ ಮೊದಲಲ್ಲೇ ಕೂರುತ್ತವೆ. ಙೆ ಅಂದರೆ ಕಣ್ಣು. ಞುಕೆ ಅಂದರೆ ತಾಯಿ. ಅಷ್ಟೇ ಅಲ್ಲ, ಅವರ ರ ನಮ್ಮ ರ ಅಲ್ಲ, ನಾಲಿಗೆ ಅದುರೋದೇ ಇಲ್ಲ, ಸ್ವಲ್ಪ ಹಿಂದಕ್ಕೆ ಬಾಗಿ ಯಾವುದಕ್ಕೂ ತಾಗದೆ ನಿಲ್ಲುತ್ತೆ. ಮನೆಗೆ ರುಕಾ ಅಂತಾರೆ, ಆದರೆ ಕೇಳಿದರೆ ನಾವು ಬಾೞೆ, ಕೋೞಿಯಲ್ಲಿ ಕಳೆದುಕೊಂಡ ಹಳಗನ್ನಡದ ೞ ನೆನಪಾಗುತ್ತೆ. ನಾನು ೞುಕಾ ಅಂತಲೇ ಬರೆದೆ. ಆರನೇ ಸ್ವರ ಒಂದಿದೆ, ಉ ಅನ್ನೋಕೆ ಹೊರಟು ತುಟಿ ದುಂಡು ಮಾಡೋದನ್ನು ಮರೆತ ಹಾಗೆ. ತುಳು ಬಲ್ಲವರಿಗೆ ಪದದ ಕೊನೆಯಲ್ಲಿ ಬರೋ ಆ ಅರ್ಧ ಉಕಾರದಿಂದ ಅದರ ಅಂದಾಜು ಸಿಗುತ್ತೆ. ಅದಕ್ಕೆ ಮಾತ್ರ ಅಕ್ಷರ ಹೊಂದಿಸಲಾಗದೆ ಉ ಮೇಲೆ ಚುಕ್ಕಿ ಇಟ್ಟುಕೊಂಡೆ. ಈ ಟಿಪ್ಪಣಿಯಿಂದ ಸಂಶೋಧನೆಗೆ ಮೂರು ಕಾಸಿನ ಪ್ರಯೋಜನ ಆಗಲಿಲ್ಲ. ಆದರೆ ಯಾರೂ ನನ್ನ ನೋಟ್‌ಬುಕ್ ಕದ್ದು ಓದೋಕೆ ಆಗಲಿಲ್ಲ.

ಮೊದಲ ಸೀಸನ್ನಿನ ಗೋಳು ಕೇಳಿ. ತೆಮುಕೊ ಪೇಟೆಯಿಂದ ಬಸ್ಸು ಹತ್ತಿ ಕಾರಾವೆ ದಾಟಿ ಪುಯೆರ್ತೊ ಸಾವೆದ್ರಾ, ಅಲ್ಲಿಂದ ಬುದಿ ಸರೋವರದ ದಂಡೆ. ಸಮುದ್ರದ ಪಕ್ಕದ ಉಪ್ಪು ನೀರಿನ ಸರೋವರ ಅದು. ಅಲ್ಲಿನವರು ಲಾಫ್ಕೆಂಚೆ, ಸಮುದ್ರದ ಜನ. ಚಳಿಗಾಲದಲ್ಲಿ ಹೋಗಿದ್ದು ನನ್ನ ಮೊದಲ ತಪ್ಪು. ಮಾಡು ಪೂರ್ತಿ ಜಿಂಕ್ ಶೀಟು, ಮಳೆ ಬಿದ್ದರೆ ರೆಕಾರ್ಡರ್‌ನಲ್ಲಿ ಬರೀ ತಮಟೆ. ಮಳೆ ನಿಂತರೆ ಕಟ್ಟಿಗೆ ಒಲೆಯ ಚಟಪಟ. ಒಲೆ ಆರಿಸಿ ಅನ್ನೋಕೆ ಆಗುತ್ತಾ, ಆ ಚಳಿಯಲ್ಲಿ? ನಲವತ್ತು ಗಂಟೆ ರೆಕಾರ್ಡಿಂಗ್ ತಂದೆ, ಧ್ವನಿ ಅಳೆಯೋ ಸಾಫ್ಟ್‌ವೇರ್ ಪ್ರಾಟ್‌ಗೆ ಹಾಕಿದೆ, ಎರಡು ಲಗಳ ಎರಡನೇ ಫಾರ್ಮೆಂಟ್ (ಬಾಯಿಯ ಆಕಾರದಿಂದ ಹುಟ್ಟೋ ಅನುರಣನ) ಒಂದರ ಮೇಲೊಂದು ಬಿದ್ದುಕೊಂಡಿತ್ತು. ಸರಾಸರಿಯಲ್ಲಿ ಸ್ವಲ್ಪ ಅಂತರ ಕಂಡ ಹಾಗಿತ್ತು, ಆದರೆ ಅದು ಲ ವ್ಯತ್ಯಾಸವೋ ಪಕ್ಕದ ಸ್ವರದ್ದೋ ಹೇಳಲಾಗದು. ಜೊತೆಗೆ ವಾಕ್ಯದ ಕೊನೆಯಲ್ಲಿ ಲ ಬಂದರೆ ಅದರ ನಾದವೇ ಹೋಗಿ ಬರೀ ಗಾಳಿ ಉಳಿಯುತ್ತೆ. ಉಣ್ಣೆಗೆ ಕಲ್ ಅನ್ನುತ್ತಾರೆ, ಆ ಲ ಮೊದಮೊದಲು ನನಗೆ ಲ ಅಂತ ಗೊತ್ತೇ ಆಗಲಿಲ್ಲ, ಯಾರೋ ಬಿಸಿ ಚಹಾ ಊದಿದ ಹಾಗಿತ್ತು. ಅರ್ಧ ಡೇಟಾ ಹಾಗೇ ಬಿಸಾಕಿದೆ. ಆರು ಲಕ್ಷ ಪೆಸೊ ಅಲ್ಲೇ ಹೋಯಿತು.

ಎರಡನೇ ಸೀಸನ್ನಿಗೆ ಅಲ್ಟ್ರಾಸೌಂಡ್ ಬಾಡಿಗೆಗೆ ತಗೊಂಡೆ. ಎಲ್ಲರೂ ಅದನ್ನೇ ಹೇಳಿದ್ದು. ನಾಲಿಗೆಯ ಬೆನ್ನು ಚೆನ್ನಾಗಿ ಕಾಣುತ್ತೆ ನಿಜ, ಆದರೆ ನನಗೆ ಬೇಕಿದ್ದಿದ್ದು ತುದಿ. ತುದಿ ಮೇಲೆದ್ದರೆ ಅದರ ಕೆಳಗೆ ಗಾಳಿ ಸೇರುತ್ತೆ, ಜೊತೆಗೆ ದವಡೆ ಮೂಳೆಯ ನೆರಳು, ಅಲ್ಲಿಂದ ಮುಂದಕ್ಕೆ ಚಿತ್ರ ಕತ್ತಲೆ. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು, ಬಿಡಿ. ಬಾಡಿಗೆ, ಠೇವಣಿ, ಒಂದು ಕೇಬಲ್ ನಾಯಿ ಕಚ್ಚಿದ್ದು ಎಲ್ಲ ಸೇರಿ ಐದು ಲಕ್ಷದ ಹತ್ತಿರ. ನಾಲಿಗೆ ತಾಗಿದ ಜಾಗವನ್ನು ವಿದ್ಯುತ್ತಿನಿಂದ ಗುರುತಿಸೋ ಎಲೆಕ್ಟ್ರೋಪ್ಯಾಲಟೋಗ್ರಫಿ ಯೋಚನೆಯೂ ಬಂದಿತ್ತು, ಆದರೆ ಒಬ್ಬೊಬ್ಬರ ಬಾಯಿಯ ಅಚ್ಚು ತೆಗೆಸಿ ಒಂದೊಂದು ಕೃತಕ ಅಂಗಳ ಮಾಡಿಸಬೇಕು. ಏಳು ಜನಕ್ಕೆ ಮಾಡಿಸಿದರೆ ನಾನು ಊರಿನ ತೆಂಗಿನ ತೋಟ ಮಾರಬೇಕಾಗುತ್ತಿತ್ತು. ಆ ‘ಕೃತಕ ಅಂಗಳ’ ಅನ್ನೋ ಮಾತು ಮಾತ್ರ ತಲೆಯಲ್ಲಿ ಎಲ್ಲೋ ಉಳಿದಿತ್ತು ಅನ್ಸುತ್ತೆ.

ಮೂರನೇ ಸಲ ಬೇಸಿಗೆಯಲ್ಲಿ ಹೋದೆ, ಜನವರಿ. ನಾನು ಹೆಚ್ಚು ಕೆಲಸ ಮಾಡಿದ ಅಜ್ಜಿಯ ಹೆಸರು ಬರೆಯೋದಿಲ್ಲ. ಅಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಪಪಾಯ್ ಅಂತ ಕರೀತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ನಮ್ಮಮ್ಮನಿಗೆ ಇದು ಕೇಳಿಸಿ ‘ಹಣ್ಣಿನ ಹೆಸರಿಟ್ಟು ಕರೀತೀಯೇನೋ’ ಅಂದಿದ್ದಳು. ಪಪಾಯ್ ನನ್ನನ್ನು ಲಮ್‌ಙೆನ್ ಅನ್ನುತ್ತಿದ್ದರು. ಹೆಂಗಸರು ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಬಳಸೋದು ಆ ಒಂದೇ ಪದ. ನನಗೆ ಅಜ್ಜನ ಹೆಸರಿಟ್ಟಿದ್ದಾರೆ ಅಂದಾಗ ಅವರ ಮುಖ ಅರಳಿತು. ಅವರಲ್ಲೂ ಹಾಗೇ, ಅಪ್ಪನ ಅಪ್ಪನ ಹೆಸರು ಮೊಮ್ಮಗನಿಗೆ. ಅಜ್ಜನೂ ಲಾಕು, ಮೊಮ್ಮಗನೂ ಲಾಕು. ಆ ಲ ಹಲ್ಲಿನ ಲ. ಅಜ್ಜಿ ಅದನ್ನು ಹೇಳಿದಾಗ ನಾಲಿಗೆಯ ತುದಿ ಹಲ್ಲಿನ ನಡುವೆ ಮಿಂಚಿ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ. ಎರಡು ವರ್ಷ ಕಿವಿಗೆ ಕೊಟ್ಟ ಕೆಲಸವನ್ನು ಕಣ್ಣಿಗೆ ಕೊಟ್ಟಿದ್ದರೆ ಸಾಕಿತ್ತಲ್ಲ ಅಂತ ಹಣೆ ಚಚ್ಚಿಕೊಂಡೆ. ಆದರೆ ‘ಕಣ್ಣಾರೆ ಕಂಡೆ’ ಅಂತ ಪ್ರಬಂಧದಲ್ಲಿ ಬರೆಯೋಕೆ ಆಗಲ್ಲ.

ಸರಿ, ಮಸಿ ತಯಾರಿ. ಒಲೆಯ ಇದ್ದಿಲನ್ನೇ ಕುಟ್ಟಿ ಬಟ್ಟೆಯಲ್ಲಿ ಶೋಧಿಸಿ ಎಣ್ಣೆಗೆ ಹಾಕಿದ್ದು ಮೊದಲ ಪ್ರಯತ್ನ. ಎಷ್ಟು ಶೋಧಿಸಿದರೂ ಮರಳು ಮರಳು, ಪಪಾಯ್ ಉಗಿದು ‘ಇದನ್ನು ನೀನೇ ತಿನ್ನು’ ಅಂದರು. ಕೋಕೋ ಪುಡಿ ಹಾಕಿದೆ, ರುಚಿ ಚೆನ್ನಾಗಿದೆ, ಅದೇ ತೊಂದರೆ. ಬಾಯಲ್ಲಿ ನೀರೂರಿ ಎಲ್ಲ ಕರಗಿ ಹೋಗುತ್ತೆ. ಬ್ಯಾಗಿನಲ್ಲಿ ಅಮ್ಮ ಇಟ್ಟಿದ್ದ ವಿಭೂತಿ ಇತ್ತು, ಅದನ್ನೂ ಬಿಡಲಿಲ್ಲ. ಬಿಳಿ ಬಣ್ಣ ಫೋಟೊದಲ್ಲಿ ಎಂಜಲಿನ ಹೊಳಪಿಗೂ ತನಗೂ ವ್ಯತ್ಯಾಸ ತೋರಿಸಲಿಲ್ಲ. ಅರಿಶಿನವನ್ನು ಪುಣ್ಯಕ್ಕೆ ನನ್ನ ಬಾಯಿಗೇ ಹಾಕಿಕೊಂಡು ನೋಡಿದೆ. ಮೂರು ದಿನ ಹಲ್ಲು, ನಾಲಿಗೆ ಎಲ್ಲ ಹಳದಿ, ವಿಡಿಯೊ ಕಾಲಿನಲ್ಲಿ ನೋಡಿದ ಅಮ್ಮ ಕಾಮಾಲೆ ಅಂತ ಗಾಬರಿಯಾದಳು. ಕೊನೆಗೆ ತೆಮುಕೊದ ಔಷಧಿ ಅಂಗಡಿಯಿಂದ ಹೊಟ್ಟೆ ಉಬ್ಬರಕ್ಕೆ ಕೊಡೋ ಇದ್ದಿಲು ಕ್ಯಾಪ್ಸೂಲ್ ತಂದೆ, ಡಬ್ಬಿಗೆ ನಾಲ್ಕು ಸಾವಿರವೋ ಐದು ಸಾವಿರವೋ ಪೆಸೊ. ಬಿಚ್ಚಿ ಎಣ್ಣೆಗೆ ಸಮಪಾಲು ಕಲಸಿದರೆ ಕಾಡಿಗೆ ಹಾಗೆ ಬರುತ್ತೆ. ಆದರೆ ಸಮಪಾಲು ಸ್ವಂತ ಅಂಗಳಕ್ಕೆ ಸರಿ, ಕಟ್ಟಿಸಿದ ಹಲ್ಲಿನ ಮೇಲೆ ಹರಿದು ಹೋಗುತ್ತೆ. ಅದು ಹರಿಯದ ಹಾಗೆ ನಾನು ಇನ್ನೊಂದು ಪುಡಿ ಚಿಟಿಕೆ ಸೇರಿಸುತ್ತೇನೆ. ಏನು ಅಂತ ಬರೆಯೋದಿಲ್ಲ. ಪ್ರತಿ ಮಪುಚೆ ಅಡುಗೆಮನೆಯಲ್ಲೂ ಇರುತ್ತೆ, ನಮ್ಮ ಹಳ್ಳಿ ಮನೆಗಳಲ್ಲೂ ಅದರ ತಮ್ಮ ಇರುತ್ತಾನೆ, ಅಷ್ಟು ಸಾಕು.

ಮೊದಲ ದಿನದ ಪದಗಳ ಆಯ್ಕೆಯೂ ಎಡವಟ್ಟು. ಮೋಹಕ್ಕೆ ಲಾಫ್ಕೆನ್ ತಗೊಂಡೆ. ಅದರಲ್ಲಿ ಹಲ್ಲಿನ ಲ ಒಂದು, ಹಲ್ಲಿನ ನ ಒಂದು, ಯಾವ ಕಲೆ ಯಾರದ್ದು ಅಂತ ಹೇಗೆ ಹೇಳೋದು? ನಾಲ್ಕು ಅನ್ನೋಕೆ ಮೆಲಿ, ವಸಡಿನ ಲ ಒಂದೇ ಇದೆ ಅಂತ ತಗೊಂಡರೆ, ಇ ಹೇಳುವಾಗ ನಾಲಿಗೆಯ ಅಂಚು ಎರಡೂ ಕಡೆ ಏರಿ ದವಡೆ ಹಲ್ಲೆಲ್ಲ ಕಪ್ಪು. ಕೊನೆಗೆ ಉಳಿದಿದ್ದು ಲಾಕು, ಮತ್ತು ಮೂರು ಅನ್ನೋ ಕುಲಾ, ಆ ಚುಕ್ಕಿ ಇಟ್ಟ ಉ ಇರೋದು. ನಾಲಿಗೆಯ ಮುಂದಿನ ಎರಡು ಬೆರಳಗಲಕ್ಕೆ ಮಾತ್ರ ಮಸಿ ಹಚ್ಚಿದರೆ ಕ ತಂಟೆ ಮಾಡಲ್ಲ. ನ ವಿಷಯಕ್ಕೆ ಬಂದರೆ ಕಾಲು ಅನ್ನೋ ನಾಮುನ್ ಒಳ್ಳೆಯ ಪದ, ಎರಡೂ ಹಲ್ಲಿನ ನ, ಒಂದರ ಮೇಲೊಂದು ಬಿದ್ದರೂ ಚಿಂತೆ ಇಲ್ಲ.

ಇನ್ನು ಹಲ್ಲಿನ ಸೆಟ್ಟಿನ ಕಥೆ. ಮೊದಲ ಎರಡು ದಿನ ನಾನು ಪುಸ್ತಕದಲ್ಲಿ ಇದ್ದ ಹಾಗೆ ಬಾಯೊಳಗೆ ದಂತ ವೈದ್ಯರ ದೊಡ್ಡ ಕನ್ನಡಿ ತೂರಿಸಿ ಫೋಟೊ ತೆಗೆಯುತ್ತಿದ್ದೆ. ಕನ್ನಡಿಗೆ ಹದಿನೆಂಟು ಸಾವಿರ ಪೆಸೊ ಕೊಟ್ಟಿದ್ದೆ. ಬಿಸಿ ನೀರಿನಲ್ಲಿ ಅದ್ದಿಟ್ಟರೂ ಉಸಿರಿಗೆ ಮಂಜು ಕಟ್ಟುತ್ತೆ. ಪಪಾಯ್‌ಗೆ ವಾಕರಿಕೆ. ಐದನೇ ಸಲ ಅವರು ಕೈ ಎತ್ತಿ ನಿಲ್ಲಿಸಿದರು, ಹೆಬ್ಬೆರಳು ಬಾಯೊಳಗೆ ಹಾಕಿ ಟಕ್ ಅಂತ ಮೇಲಿನ ಸೆಟ್ಟನ್ನು ಕಳಚಿ ನನ್ನ ಮುಂದಿನ ತಟ್ಟೆಯಲ್ಲಿ ಇಟ್ಟರು. ‘ತಗೋ, ಬಾಯಿ ಬಿಡು ಬಾಯಿ ಬಿಡು ಅಂತ ಸಾಯಿಸಬೇಡ.’

ತಟ್ಟೆಯಲ್ಲಿ ಅಂಗಳ ಇತ್ತು. ಪೂರ್ತಿ ಅಂಗಳ: ಗುಲಾಬಿ ಅಕ್ರಿಲಿಕ್, ಹದಿನಾಲ್ಕು ಹಲ್ಲು, ಮುಂದಿನ ನಾಲ್ಕು ಹಲ್ಲಿನ ಒಳಮುಖದಲ್ಲೂ ಅಂಚಿನಲ್ಲೂ ಕಪ್ಪು ಮಸಿ, ಅದರ ಹಿಂದೆ ಎಲ್ಲ ಸ್ವಚ್ಛ. ಲಾಕು. ಕಿಟಕಿಯ ಬೆಳಕಿಗೆ ತಿರುಗಿಸಿ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮೇಲಿನಿಂದ ಒಂದು, ಮುಂದಿನಿಂದ ಒಂದು ಫೋಟೊ ತೆಗೆದೆ. ಕನ್ನಡಿ ಬೇಡ, ವಾಕರಿಕೆ ಬೇಡ. ಮಗ್ಗಿನಲ್ಲಿ ತೊಳೆದು, ಒರೆಸಿ, ಹಾಕಿಕೊಂಡರು. ಈ ಸಲ ಮಸಿಯನ್ನೂ ಅವರೇ ಬ್ರಷ್ ತಗೊಂಡು ಹಚ್ಚಿಕೊಂಡರು. ಕುಲಾ. ಟಕ್. ಮುಂದಿನ ಹಲ್ಲು ಬೆಳ್ಳಗೆ, ಹಲ್ಲಿನ ಹಿಂದೆ ಗುಲಾಬಿ ದಿಬ್ಬದ ಮೇಲೆ ಕಪ್ಪು ಪಟ್ಟೆ, ಮೂರ್ನಾಲ್ಕು ಮಿಲಿಮೀಟರ್ ಅಗಲ. ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಅಜ್ಜಿಗೆ ನನ್ನ ಸಂಭ್ರಮ ಅರ್ಥ ಆಗಲಿಲ್ಲ. ಎರಡು ಬೇರೆ ಅಂತ ತನಗೆ ಯಾವತ್ತೋ ಗೊತ್ತಿತ್ತಲ್ಲ ಅಂದರು, ಅದೂ ನಿಜವೇ.

ಒಬ್ಬೊಬ್ಬರಿಗೆ ಅಂಗಳ ಮಾಡಿಸಬೇಕು, ಅದಕ್ಕೆ ಲಕ್ಷಗಟ್ಟಲೆ ಬೇಕು ಅಂತ ನಾವು ಯೋಚಿಸ್ತಿದ್ದರೆ ಅವರು ಅದನ್ನು ಎಂಟು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡು ಓಡಾಡ್ತಿದ್ದಾರೆ. ಏಳು ಜನರಲ್ಲಿ ನಾಲ್ವರಿಗೆ ಮೇಲಿನ ಪೂರ್ತಿ ಸೆಟ್ಟು ಇತ್ತು. ಯಾವ ಹಲ್ಲನ್ನು ಎಲ್ಲರೂ ನನಗೆ ಅಡ್ಡಿ ಅಂದಿದ್ದರೋ ಅದೇ ನನ್ನ ಉಪಕರಣ ಆಯಿತು. ಇಷ್ಟು ಹೊಗಳಿಕೊಳ್ಳೋಕೆ ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ಆಕ್ಷೇಪ ಬರುತ್ತೆ, ಗೊತ್ತು. ಸೆಟ್ಟು ದಪ್ಪ, ನಾಲಿಗೆಗೆ ಜಾಗ ಕಮ್ಮಿ, ಅದರ ಮೇಲಿನ ಉಚ್ಚಾರಣೆ ಸಹಜ ಅಲ್ಲ ಅಂತ. ಹಾಕಿಸಿಕೊಂಡು ಆರು ತಿಂಗಳೂ ಆಗದವರಾದರೆ ಒಪ್ಪುತ್ತೇನೆ, ಅಂಥ ಒಬ್ಬರನ್ನು ನಾನೇ ಕೈಬಿಟ್ಟೆ. ಉಳಿದವರ ಜೊತೆ ಅಡ್ಡ ಪರೀಕ್ಷೆ ಮಾಡಿದೆ: ಫೋನನ್ನು ಮುಖಕ್ಕೆ ಓರೆಯಾಗಿ ಇಟ್ಟು ಸ್ಲೋ ಮೋಷನ್ ವಿಡಿಯೊ, ಮಸಿ ಇಲ್ಲದೆ, ಮಾತಿನ ಮಧ್ಯೆ ಆ ಪದ ಬರೋ ಹಾಗೆ ಕಥೆ ಹೇಳಿಸಿ. ಪಪಾಯ್ 1960ರ ದೊಡ್ಡ ಭೂಕಂಪದ ಕಥೆ ಹೇಳಿದರು, ಆಮೇಲೆ ಸಮುದ್ರ ಹೇಗೆ ಹಿಂದೆ ಸರಿದು ಹೇಗೆ ಬಂತು ಅಂತ. ಲಾಫ್ಕೆನ್ ಅನ್ನೋ ಪದ ಆ ಒಂದೇ ಕಥೆಯಲ್ಲಿ ಮೂವತ್ತು ಸಲ ಬಂದಿರಬೇಕು. ನಾನು ಹಲ್ಲು ನೋಡೋದು ಮರೆತು ಕಥೆ ಕೇಳುತ್ತಾ ಕೂತೆ, ಆಮೇಲೆ ವಿಡಿಯೊದಲ್ಲಿ ಎಣಿಸಿದೆ. ನಾಲಿಗೆ ಹೆಚ್ಚುಕಡಿಮೆ ಪ್ರತಿ ಸಲವೂ ಹೊರಗೆ ಇಣುಕಿತ್ತು. ಒಟ್ಟು ಏಳರಲ್ಲಿ ಐವರ ಬಾಯಲ್ಲಿ ಎರಡು ಲ ಖಚಿತವಾಗಿ ಬೇರೆ. ಒಬ್ಬರದು ಒಮ್ಮೆ ಹಾಗೆ ಒಮ್ಮೆ ಹೀಗೆ. ಇನ್ನೊಬ್ಬರು ನಾನು ಕೈಬಿಟ್ಟವರು.

ತ ಕೆಲಸ ಇನ್ನೂ ಬಾಕಿ ಇದೆ. ಗಂಡ ಅನ್ನೋ ಪದ ಹಲ್ಲಿನ ತದ ಫುತಾ, ದೊಡ್ಡದು ಅನ್ನೋದು ವಸಡಿನ ತದ ಫುತಾ, ಫ ತುಟಿಯಲ್ಲೇ ಮುಗಿಯೋದರಿಂದ ಮಸಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ. ಆದರೆ ಹನ್ನೊಂದನೇ ಸಲ ‘ಗಂಡ ಅನ್ನಿ’ ಅಂದಾಗ ಪಪಾಯ್ ಬ್ರಷ್ ಕೆಳಗಿಟ್ಟು, ಬದುಕಿದ್ದಾಗಲೂ ಅವನನ್ನು ಇಷ್ಟು ಸಲ ಕರೆದಿಲ್ಲ ಅಂದರು. ಅಲ್ಲಿಗೆ ಆ ದಿನ ಮುಕ್ತಾಯ. ಒಂದು ಕೂರಿಕೆಗೆ ಹದಿನೈದು ಸಾವಿರ ಪೆಸೊ ಕೊಡುತ್ತಿದ್ದೆ, ಜೊತೆಗೆ ಅಲ್ಲಿನವರು ಚಹಾದ ಹಾಗೆ ಕುಡಿಯೋ ಮಾತೆ ಎಲೆ ಒಂದು ಪೊಟ್ಟಣ, ಸಕ್ಕರೆ, ಹಿಟ್ಟು. ಮಾತೆಯನ್ನು ಕೆಲಸ ಮುಗಿದ ಮೇಲೆ ಕುಡಿಸಿ, ಮೊದಲೇ ಕುಡಿಸಿದರೆ ನಾಲಿಗೆ ಒಣಗಲ್ಲ. ಇದು ಕಲಿಯೋಕೆ ನನಗೆ ಒಂದು ವಾರ ಹಿಡಿಯಿತು.

ಕೊನೆಯ ದಿನ ಪಪಾಯ್ ಮೊಮ್ಮಗ ಬಂದಿದ್ದ, ತೆಮುಕೊದಲ್ಲಿ ಓದ್ತಿರೋ ಹುಡುಗ, ಇಪ್ಪತ್ತರ ಆಸುಪಾಸು. ಭಾಷೆಯನ್ನು ತರಗತಿಯಲ್ಲಿ ಕಲಿತವನು, ಕೆಳಗೆರೆ ಎಲ್ಲಿ ಬರುತ್ತೆ ಅಂತ ನನಗಿಂತ ಚೆನ್ನಾಗಿ ಗೊತ್ತು. ನನಗೂ ಹಚ್ಚಿ ಅಂದ. ಸ್ವಂತ ಹಲ್ಲು, ಹಾಗಾಗಿ ಆ ದರಿದ್ರ ಕನ್ನಡಿ ಮತ್ತೆ ಹೊರಗೆ ಬಂತು. ಲಾಕು, ಕುಲಾ ಎರಡಕ್ಕೂ ಕಲೆ ಒಂದೇ ಜಾಗದಲ್ಲಿ, ವಸಡಿನ ಮೇಲೆ. ಹಲ್ಲು ಫಳಫಳ. ಪಪಾಯ್ ಕ್ಯಾಮೆರಾ ಪರದೆಯಲ್ಲಿ ಎರಡೂ ಫೋಟೊ ನೋಡಿ, ‘ಅಷ್ಟೊಂದು ಹಲ್ಲಿದೆ, ಒಂದಕ್ಕೂ ನಾಲಿಗೆ ತಾಗಿಸಿಲ್ಲ’ ಅಂದರು. ಆಮೇಲೆ ಅವನ ಗದ್ದ ಹಿಡಿದು ಕೂರಿಸಿಕೊಂಡು, ತಾನು ಹೇಳಿ ಅವನಿಂದ ಹೇಳಿಸಿ, ಹತ್ತು ಹದಿನೈದು ಸಲ. ಮತ್ತೆ ಮಸಿ ಹಚ್ಚಿದೆವು. ಮೂರನೇ ಫೋಟೊದಲ್ಲಿ ಮೇಲಿನ ಎರಡು ಹಲ್ಲಿನ ಅಂಚು ಕಪ್ಪಾಗಿತ್ತು.

ಹೇಳಿಕೊಟ್ಟು ಹೇಳಿಸಿದ್ದು ಅಂತ ಅದನ್ನು ಡೇಟಾಗೆ ಸೇರಿಸಿಲ್ಲ. ಊರಿಗೆ ಹೊರಡುವಾಗ ಪಪಾಯ್ ಅದನ್ನೇ ಬೇಕು ಅಂದರು. ತೆಮುಕೊದಲ್ಲಿ ಪ್ರಿಂಟ್ ಹಾಕಿಸಿ ಹುಡುಗನ ಕೈಯಲ್ಲಿ ಕಳಿಸಿದೆ. ಆರುನೂರು ಪೆಸೊ.